ಓಬಳಮ್ಮನ ಎರಡನೇ ಕಣ್ಣು

ಡಾಕ್ಟರ್ ಚಲಪತಿ ನೂರು ಜನರ ಕಣ್ಣಿನ ಪೊರೆ ತೆಗೆದರೂ ಬೇಸರಪಡುವ ಆಸಾಮಿಯಲ್ಲ. ಆದರೆ ಯಾರಾದರೂ ಕಾಲಿಗೆ ಬೀಳಲು ಬಂದರೆ ಮಾತ್ರ ಮೈಮೇಲೆ ಕೆಂಡ ಬಿದ್ದವರ ಹಾಗೆ ಹಿಂದಕ್ಕೆ ಹಾರುತ್ತಿದ್ದ. ಜನ ಅದನ್ನು ವಿನಯ ಎಂದುಕೊಂಡು ಇನ್ನಷ್ಟು ಮೆಚ್ಚುತ್ತಿದ್ದರು. ವಿನಯವೂ ಇಲ್ಲ, ಮಣ್ಣೂ ಇಲ್ಲ. ಅದು ಹಳೆಯ ಸಿಟ್ಟು.

ಅವನ ಅಪ್ಪ ಆವುಲಪ್ಪ ದಿಬ್ಬೂರಹಳ್ಳಿಯ ಊರಾಚೆ ಕೇರಿಯವನು. ಸುಗ್ಗಿ ಮುಗಿದ ಮೇಲೆ ದೊಡ್ಡ ಮನೆಗಳ ಅಂಗಳದಲ್ಲಿ ಉದ್ದಕ್ಕೆ ಅಡ್ಡಬಿದ್ದು, ಅವರು ಮೊರದಲ್ಲಿ ಸುರಿದಷ್ಟು ರಾಗಿಯನ್ನು ಪಂಚೆಯಲ್ಲಿ ಕಟ್ಟಿಕೊಂಡು ಬರುತ್ತಿದ್ದ. ಹಿಂದೆ ನಿಂತಿರುತ್ತಿದ್ದ ಮಗನಿಗೆ ಕಾಣುತ್ತಿದ್ದುದು ಅಪ್ಪನ ಹಣೆಗೆ ಹತ್ತಿದ ಅಂಗಳದ ಮಣ್ಣು. ಆ ಮಗ ಹಾಸ್ಟೆಲಿನಲ್ಲಿದ್ದು ಓದಿ, ಬೆಂಗಳೂರಿನಲ್ಲಿ ಕಣ್ಣಿನ ಡಾಕ್ಟರಾದ. ಬೇಸಿಗೆ ರಜೆ ಬಂತೆಂದರೆ ತನ್ನ ಸೀಮೆಗೇ ಬಂದು, ಒಂದು ವರ್ಷ ಚಿಂತಾಮಣಿ, ಇನ್ನೊಂದು ವರ್ಷ ಗೌರಿಬಿದನೂರು ಎಂದು ಖಾಲಿ ಬಿದ್ದ ಸ್ಕೂಲುಗಳಲ್ಲಿ ಬಿಟ್ಟಿ ಕಣ್ಣಿನ ಶಿಬಿರ ನಡೆಸುತ್ತಿದ್ದ. ಅಂಗಡಿಯವರು ಅಕ್ಕಿ ಬೇಳೆ ಕೊಡುತ್ತಿದ್ದರು, ಊರವರು ಚಾಪೆ ತರುತ್ತಿದ್ದರು.

ಆ ಕಾಲದ ಆಪರೇಷನ್ ಈಗಿನ ಹಾಗಲ್ಲ. ಕಣ್ಣು ಕೊಯ್ದು ಪೊರೆ ತೆಗೆದ ಮೇಲೆ ಎರಡು ಕಣ್ಣಿಗೂ ಪಟ್ಟಿ ಕಟ್ಟಿ, ವಾರವೆಲ್ಲ ಕೊರಡಿನ ಹಾಗೆ ಮಲಗಿಸುತ್ತಿದ್ದರು. ಪಟ್ಟಿ ಬಿಚ್ಚಿದ ಮೇಲೂ ತಿಂಗಳೊಪ್ಪತ್ತು ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಬಗ್ಗಿದರೆ ಹಸಿ ಗಾಯ ಬಿಟ್ಟುಕೊಂಡು ಕಣ್ಣೇ ಹೋಗುತ್ತಿತ್ತು.

ಹಿಂದಿನ ವರ್ಷ ಗೌರಿಬಿದನೂರಿನಲ್ಲಿ ಆದದ್ದೂ ಅದೇ. ಓಬಳಮ್ಮ ಅಲೀಪುರದ ಕಡೆಯ ಹಳ್ಳಿಯವಳು, ನೀರಾವರಿ ಹೊಲ, ಎರಡು ಜೊತೆ ಎತ್ತು ಇದ್ದ ಮನೆಯ ಯಜಮಾನಿ. ಚಲಪತಿ ಅವಳ ಬಲಗಣ್ಣಿನ ಪಟ್ಟಿ ಬಿಚ್ಚಿ, ಕಣ್ಣೆದುರು ದಪ್ಪ ಗಾಜು ಹಿಡಿದು ಬೆರಳು ತೋರಿಸಿದ. ಅವಳು ಸರಿಯಾಗಿ ಎಣಿಸಿದಳು. ಮರುಕ್ಷಣವೇ ಬಗ್ಗಿ ಅವನ ಪಾದಕ್ಕೆ ಹಣೆ ಹಚ್ಚಿದಳು. “ಬೇಡಮ್ಮಾ, ಬೇಡ!” ಎಂದು ಅವನು ಕಿರುಚಿಯೇ ಕಿರುಚಿದ. ಆದರೆ ನಮ್ಮ ಕಡೆ ಕಾಲಿಗೆ ಬಿದ್ದಾಗ ‘ಬೇಡ’ ಅನ್ನದ ದೊಡ್ಡವರು ಯಾರಿದ್ದಾರೆ? ಅವರು ಬೇಡ ಅನ್ನುವುದು ಮರ್ಯಾದೆ, ಅಂದರೂ ಬೀಳುವುದು ಇನ್ನೂ ದೊಡ್ಡ ಮರ್ಯಾದೆ. ಓಬಳಮ್ಮ ತಲೆ ಎತ್ತುವಷ್ಟರಲ್ಲಿ ಕಣ್ಣಿನ ತುಂಬ ರಕ್ತ. ಆ ಕಣ್ಣು ಮತ್ತೆ ಬರಲಿಲ್ಲ.

ಈ ವರ್ಷ ಶಿಬಿರ ಶಿಡ್ಲಘಟ್ಟದಲ್ಲಿ. ಮೊದಲ ದಿನವೇ ಮಗ ವೆಂಕಟರಾಮಪ್ಪನ ತೋಳು ಹಿಡಿದುಕೊಂಡು ಓಬಳಮ್ಮ ಬಂದು ನಿಂತಳು. ಚಲಪತಿ ಎರಡು ಹೆಜ್ಜೆ ಹಿಂದಕ್ಕೆ ಸರಿದ.

“ಇನ್ನೊಂದು ಕಣ್ಣು ಉಳಿದೈತೆ ಸ್ವಾಮಿ, ಅದನ್ನೂ ಮಾಡ್ಕೊಡಿ,” ಎಂದಳು, ತೊಗರಿ ಬೇಳೆ ಕೇಳುವವಳ ಹಾಗೆ.

“ಬೆಂಗಳೂರಿಗೆ ಹೋಗಿ ಅಮ್ಮ. ಅಲ್ಲಿ ದೊಡ್ಡ ಡಾಕ್ಟರುಗಳಿದ್ದಾರೆ.”

“ಅವರ ಕಾಲಿಗೂ ಬೀಳ್ತೀನಲ್ಲ ಸ್ವಾಮಿ,” ಎಂದು ಓಬಳಮ್ಮ ನಕ್ಕಳು. “ನಿಮ್ಮ ತಪ್ಪೇನಿಲ್ಲ. ನೀವು ಬೇಡ ಅಂದ್ರಿ, ನಾನು ಬಿದ್ದೆ. ನೀವೇ ಮಾಡಿ.”

ಇದ್ದದ್ದು ಒಂದೇ ಕಣ್ಣು. ಅದೂ ಹೋದರೆ ಹಗಲು ರಾತ್ರಿಯ ವ್ಯತ್ಯಾಸವೂ ತಿಳಿಯದೆ ಕೂರಬೇಕು. ಆಪರೇಷನ್ ಮಾಡದೆ ಬಿಟ್ಟರೂ ಪೊರೆ ಅವಳನ್ನು ಕುರುಡಿ ಮಾಡಿಯೇ ತೀರುತ್ತಿತ್ತು. ಚಲಪತಿ ಆಪರೇಷನ್ ಮಾಡಿದ. ಅವನಿಗಿದ್ದ ಭಯವೆಲ್ಲ ಪಟ್ಟಿ ಬಿಚ್ಚುವ ಗಳಿಗೆಯದು.

ಆ ದಿನ ಹತ್ತಿರ ಬಂದ ಹಾಗೆ ಅವನಿಗೆ ಊಟ ಸೇರದಾಯಿತು. ನರ್ಸ್ ಮಂಗಮ್ಮ, “ನೀವು ಎದುರಿಗೇ ಇರಬೇಡಿ ಸಾರ್, ನಾನು ಬಿಚ್ತೀನಿ,” ಎಂದಳು. ಓಬಳಮ್ಮನಿಗೆ ಅದು ಕೇಳಿಸಿತು. “ಹಂಗಾದ್ರೆ ನಿಂಗೇ ಬೀಳ್ತೀನಿ ಕಣಮ್ಮ,” ಎಂದಳು. “ಬೇಕೂಂತ ಬೀಳೋದಲ್ಲ. ಕಣ್ಣು ಕಂಡ್ರೆ ಮೈ ತಾನೇ ಬಗ್ಗತ್ತೆ. ನಾನೇನ್ ಮಾಡ್ಲಿ?”

ಪಟ್ಟಿ ಬಿಚ್ಚುವ ಹಿಂದಿನ ಸಂಜೆ ಚಲಪತಿ ಅವಳ ಚಾಪೆಯ ಪಕ್ಕ ಕುಳಿತ. ಅವನಿಗೆ ಉಳಿದಿದ್ದ ಅಸ್ತ್ರ ಒಂದೇ. ಅದನ್ನು ಯಾರ ಮುಂದೆಯೂ ಹೀಗೆ ಬಳಸಬೇಕಾದೀತು ಎಂದು ಅವನು ಅಂದುಕೊಂಡಿರಲಿಲ್ಲ.

“ಓಬಳಮ್ಮನವರೇ, ನಾನು ಯಾರ ಮಗ ಅಂತ ಗೊತ್ತಾ? ದಿಬ್ಬೂರಹಳ್ಳಿ ಊರಾಚೆ ಕೇರಿಯ ಆವುಲಪ್ಪನ ಮಗ. ನಿಮ್ಮಂಥವರ ಅಂಗಳದಲ್ಲಿ ನಮ್ಮಪ್ಪ ಅಡ್ಡಬೀಳ್ತಿದ್ದ. ನನ್ನ ಕಾಲು ನೀವು ಮುಟ್ಟೋ ಕಾಲಲ್ಲ.”

ಪಟ್ಟಿ ಕಟ್ಟಿದ ಮುಖ ಅಲುಗಾಡಲಿಲ್ಲ. ಪಕ್ಕದಲ್ಲಿದ್ದ ವೆಂಕಟರಾಮಪ್ಪ ತಲೆ ತಗ್ಗಿಸಿದ. ಸದ್ಯ, ಕಣ್ಣು ಉಳಿಯಿತು ಎಂದು ಚಲಪತಿಗೆ ಸಮಾಧಾನವೂ ಆಯಿತು, ಅದನ್ನು ಉಳಿಸಿದ್ದು ತನ್ನ ಜಾತಿ ಎಂದು ನೋವೂ ಆಯಿತು.

ಕೊನೆಗೆ ಓಬಳಮ್ಮ ಬಾಯಿಬಿಟ್ಟಳು. “ಹೋದ ವರ್ಷ ಇದು ಗೊತ್ತಿದ್ದಿದ್ರೆ ನಾನು ಬರ್ತಾನೇ ಇರಲಿಲ್ಲವೇನೋ. ಸುಳ್ಳು ಯಾಕೆ ಹೇಳ್ಲಿ. ನಮ್ಮ ಅಂಗಳದಾಗೂ ಬೀಳೋರು. ನಾನು ಜಗಲಿ ಮೇಲೆ ನಿಂತು ನೋಡ್ತಿದ್ದೆ.” ಮಲಗಿದಲ್ಲೇ ಕೈ ಜೋಡಿಸಿದಳು. “ಈಗ ಎರಡು ಸಲ ಬೀಳಬೇಕಾಯ್ತಲ್ಲ ಸ್ವಾಮಿ. ನಿಮಗೊಂದು, ನಿಮ್ಮಪ್ಪನಿಗೊಂದು.”

ಚಲಪತಿ ಎದ್ದು ಹೊರಗೆ ಬಂದ. ಒಂದು ನಮಸ್ಕಾರ ತಪ್ಪಿಸಲು ಹೋಗಿ ಎರಡನ್ನು ಮೈಮೇಲೆ ಎಳೆದುಕೊಂಡಿದ್ದ.

ಬೆಳಿಗ್ಗೆ ಓಬಳಮ್ಮನನ್ನು ಮೇಷ್ಟರ ಮೇಜಿನ ಪಕ್ಕ ಸ್ಟೂಲಿನ ಮೇಲೆ ಕೂರಿಸಿದರು. ವೆಂಕಟರಾಮಪ್ಪ ಹಿಂದಿನಿಂದ ಅವಳ ಎರಡೂ ಹೆಗಲು ಹಿಡಿದು ನಿಂತ. ಚಲಪತಿ ಪಟ್ಟಿ ಬಿಚ್ಚಿ, ಅರಳೆಯಿಂದ ರೆಪ್ಪೆ ಒರೆಸಿ, ದಪ್ಪ ಗಾಜಿನ ಕನ್ನಡಕ ಏರಿಸಿದ.

“ಎಷ್ಟು ಬೆರಳು?”

“ಮೂರು.” ಅವಳ ದನಿ ಒಡೆಯಿತು. “ಮೂರು ಸ್ವಾಮಿ! ಉಗುರೂ ಕಾಣ್ತೈತೆ!”

ಕೈಗಳು ಜೋಡಿಕೊಂಡವು. ಹೆಗಲು ಮುಂದಕ್ಕೆ ಬಂತು. ಹೊಲದಲ್ಲಿ ದುಡಿದ ಮೈ ಅದು, ಮಗನ ಹಿಡಿತ ಜಾರಿತು. ಬೇಡ ಎಂದು ಕೂಗಿ ಪ್ರಯೋಜನವಿಲ್ಲವೆಂದು ಚಲಪತಿಗೆ ಗೊತ್ತಿತ್ತು. ಅವನು ಚಪ್ಪಲಿ ಒದರಿ, ಒಂದೇ ನೆಗೆತಕ್ಕೆ ಮೇಜು ಹತ್ತಿ ನಿಂತ.

“ಬಗ್ಗಬೇಡಿ! ಕಾಲು ಇಲ್ಲೈತೆ! ಎದ್ದು ನೆಟ್ಟಗೆ ನಿಂತ್ಕೊಳ್ಳಿ!”

ಸಾಲಾಗಿ ಮಲಗಿದ್ದವರೆಲ್ಲ ಪಟ್ಟಿಯೊಳಗಿಂದಲೇ ಏನಾಯಿತು ಏನಾಯಿತು ಎಂದರು. ಓಬಳಮ್ಮ ಕ್ಷಣ ತಬ್ಬಿಬ್ಬಾದಳು. ಮಗನ ಆಸರೆಯಲ್ಲಿ ಎದ್ದಳು. ಬೆನ್ನು ಕೋಲಿನ ಹಾಗೆ ನೆಟ್ಟಗಿತ್ತು. ಮೇಜಿನ ಮೇಲಿದ್ದ ಪಾದಗಳು ಅವಳ ಸೊಂಟದ ಮಟ್ಟಕ್ಕಿದ್ದವು. ಎರಡೂ ಕೈ ಚಾಚಿ ಮುಟ್ಟಿದಳು. ಆ ಕೈ ವಾಡಿಕೆಯಂತೆ ಕಣ್ಣಿಗೊತ್ತಿಕೊಳ್ಳಲು ಹೊರಟಾಗ ಮಂಗಮ್ಮ ಗಪ್ಪನೆ ಹಿಡಿದು ತಲೆಯ ಮೇಲಿಟ್ಟಳು. ಓಬಳಮ್ಮ ಮತ್ತೊಮ್ಮೆ ಮುಟ್ಟಿದಳು. “ಇದು ಆವುಲಪ್ಪನಿಗೆ,” ಎಂದಳು.

ಚಲಪತಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು. ಅಷ್ಟು ಜನರೆದುರು, ಮೇಜಿನ ಮೇಲೆ, ಬರಿಗಾಲಿನಲ್ಲಿ ನಿಂತು ಅತ್ತುಬಿಟ್ಟ. ಅಲ್ಲೇ ಮೇಜಿನ ಅಂಚಿಗೆ ಕುಳಿತ.

ಓಬಳಮ್ಮ ಕನ್ನಡಕ ಸರಿ ಮಾಡಿಕೊಂಡು ಅವನನ್ನೇ ನೋಡಿದಳು. ಹಣೆ, ಮೀಸೆ, ಒದ್ದೆಯಾದ ಕೆನ್ನೆ, ಒಂದೊಂದನ್ನೂ ನಿಧಾನವಾಗಿ ನೋಡಿದಳು.

“ಹೋದ ಸಲ ನಿಮ್ಮ ಬೆರಳು ಕಂಡಿತ್ತು, ಕಾಲು ಕಂಡಿತ್ತು. ಮುಖ ನೋಡೋಣ ಅಂತ ತಲೆ ಎತ್ತೋದ್ರೊಳಗೆ ಕತ್ತಲಾಯ್ತು,” ಎಂದಳು. “ಯಾರೋ ವಯಸ್ಸಾದೋರು ಅಂದ್ಕಂಡಿದ್ದೆ. ಇಷ್ಟು ಚಿಕ್ಕ ಹುಡುಗನೇನಪ್ಪ ನೀನು?”