ಆವಿಯ ಆಚೆ ಭಾವ

ಊಟದ ಜಾಗ ಆರಿಸುವ ಕೆಲಸವನ್ನು ಅಕ್ಕ ನನಗೇ ಬಿಟ್ಟಿದ್ದಳು. ಎರಡೇ ಷರತ್ತು: ಬೆಳಕು ಚೆನ್ನಾಗಿರಬೇಕು, ಗದ್ದಲ ಇರಬಾರದು. ನಾನು ಹಾಟ್ ಪಾಟ್ ಹೋಟೆಲನ್ನು ಆರಿಸಿದೆ. ದೊಡ್ಡ ಕಿಟಕಿಗಳಿದ್ದವು, ಭಾನುವಾರದ ಮಧ್ಯಾಹ್ನ ಅಲ್ಲಿ ಜನವೂ ಅಷ್ಟಕ್ಕಷ್ಟೇ. ಅದಕ್ಕಿಂತ ಹೆಚ್ಚಾಗಿ, ಆ ಕಟ್ಟಡದ ಲಿಫ್ಟು ಕೂರಿಸಿದ್ದು ನಾನು ಮತ್ತು ಭಾವ. ನಮ್ಮ ಕೈಯಾರೆ ಕೂರಿಸಿದ ಲಿಫ್ಟಿನಲ್ಲಿ ಒಗೆದ ಬಟ್ಟೆ ಹಾಕಿಕೊಂಡು ಮೇಲೆ ಹೋಗುವುದರಲ್ಲಿ ಒಂದು ಗತ್ತು ಇದೆ. ಷರತ್ತುಗಳು ಯಾಕೆ ಎಂದು ನಾನು ಕೇಳಲಿಲ್ಲ. ಅಕ್ಕ ಚಿಕ್ಕಂದಿನಿಂದಲೂ ಷರತ್ತಿಲ್ಲದೆ ಒಂದು ಲೋಟ ನೀರು ಕೊಟ್ಟವಳಲ್ಲ.

ಭಾವ ಮತ್ತು ನಾನು ಹತ್ತೊಂಬತ್ತು ವರ್ಷದಿಂದ ಒಂದೇ ಜೋಡಿ. ನಮ್ಮ ಕಂಪನಿಯಲ್ಲಿ ಲಿಫ್ಟಿನ ಕೆಲಸಕ್ಕೆ ಯಾವಾಗಲೂ ಇಬ್ಬರು. ಜನ ನಿಲ್ಲುವ ಪೆಟ್ಟಿಗೆಗೆ ನಾವು ಡಬ್ಬಿ ಎನ್ನುತ್ತೇವೆ. ಒಬ್ಬ ಡಬ್ಬಿಯ ನೆತ್ತಿಯ ಮೇಲೆ ನಿಂತು ಬಟನ್ ಒತ್ತುತ್ತಾನೆ, ಇನ್ನೊಬ್ಬ ತಳದ ಗುಂಡಿಯಲ್ಲಿ ಇಳಿದು ಕೆಲಸ ಮಾಡುತ್ತಾನೆ. ಬಟನ್ ಒತ್ತಿ ಹಿಡಿದಷ್ಟು ಹೊತ್ತು ಡಬ್ಬಿ ಚಲಿಸುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕೆಳಗಿರುವವನು ನಾನು. ನನ್ನ ತಲೆಯ ಮೇಲೆ ಒಂದು ಟನ್ ಕಬ್ಬಿಣ ಇಳಿದು ಬರುತ್ತಿರುತ್ತದೆ, ಅದರ ಬಟನ್ ಭಾವನ ಬೆರಳಿನಡಿ ಇರುತ್ತದೆ. ಅಕ್ಕನನ್ನು ಕೊಟ್ಟ ಮನೆಯ ಮೇಲೆ ಇಷ್ಟು ನಂಬಿಕೆ ಇಟ್ಟ ತಮ್ಮ ಇನ್ನೊಬ್ಬ ಸಿಗಲಾರ.

ಈ ಕೆಲಸಕ್ಕೆ ಒಂದು ನಿಯಮ ಇದೆ. ಕೆಳಗಿನವನು ಕರೆ ಕೊಡಬೇಕು. ಮೇಲಿನವನು ಅದೇ ಮಾತನ್ನು ತಿರುಗಿ ಹೇಳಿದ ಮೇಲೆಯೇ ಬಟನ್ ಮುಟ್ಟಬೇಕು. ‘ಕೆಳಗೆ’ ಎಂದರೆ ‘ಕೆಳಗೆ’. ‘ನಿಲ್ಲು’ ಎಂದರೆ ‘ನಿಲ್ಲು’, ಜೊತೆಗೆ ಎರಡೂ ಕೈಗಳನ್ನು ಎತ್ತಿ ಹಿಡಿಯಬೇಕು. ಈ ಚಟ ನಮ್ಮ ಮನೆಗಳಿಗೂ ಅಂಟಿಕೊಂಡಿತ್ತು. ಊಟಕ್ಕೆ ಕೂತಾಗ ನಾನು ‘ಉಪ್ಪು’ ಎಂದರೆ ಭಾವ ‘ಉಪ್ಪು’ ಎಂದೇ ಬಟ್ಟಲು ಚಾಚುತ್ತಿದ್ದರು. ಅಕ್ಕ ಇದಕ್ಕೆ ಗಿಳಿಪಾಠ ಎಂದು ಹೆಸರಿಟ್ಟು ಹತ್ತೊಂಬತ್ತು ವರ್ಷವೂ ಆಡಿಕೊಂಡಿದ್ದಳು.

ಎಂಟು ತಿಂಗಳ ಹಿಂದೆ ಭಾವ ಇದಕ್ಕೆ ಇನ್ನೊಂದು ಬಾಲ ಸೇರಿಸಿದರು. ಬಾಯಲ್ಲಿ ಕರೆದರೆ ಸಾಲದು, ಸ್ಪ್ಯಾನರಿನಿಂದ ಡಬ್ಬಿ ಓಡುವ ಕಬ್ಬಿಣದ ಹಳಿಯ ಮೇಲೆ ಬಡಿಯಲೂ ಬೇಕು. ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಕೆಳಗೆ, ಮೂರು ಸಲ ಮೇಲೆ. ಹೊಸ ಕಟ್ಟಡಗಳಲ್ಲಿ ಮಾತು ಗೊಂಯ್ ಎನ್ನುತ್ತದೆ, ರೇಡಿಯೊ ಕರಕರ ಎನ್ನುತ್ತದೆ ಎಂದು ಕಾರಣ ಕೊಟ್ಟರು. ಅಂದಿನಿಂದ ಅವರ ಬಲಗೈ ಬಟನ್ನಿನ ಮೇಲೆ, ಎಡ ಅಂಗೈ ಡಬ್ಬಿಯ ಮೇಲಿನ ಉಕ್ಕಿನ ತೊಲೆಯ ಮೇಲೆ. ವಯಸ್ಸಾಗುತ್ತಿದ್ದ ಹಾಗೆ ಗಂಡಸರಿಗೆ ಅರಳುಮರಳು ಬರುವ ರೀತಿ ಒಂದೊಂದು ಎಂದುಕೊಂಡು ನಾನು ಬಡಿದೆ. ಬಡಿಯುವುದಕ್ಕೇನು ಕಾಸು ಕೊಡಬೇಕೆ.

ಅಂದಿನ ಊಟ ಜೋಡಿ ಫಾರಮ್ಮಿನ ಲೆಕ್ಕದಲ್ಲಿ. ಎರಡು ವರ್ಷಕ್ಕೊಮ್ಮೆ ಕಂಪನಿ ಈ ಫಾರಂ ಕೊಡುತ್ತದೆ. ನನ್ನ ಪರವಾಗಿ ಭಾವ, ಭಾವನ ಪರವಾಗಿ ನಾನು ಸಹಿ ಹಾಕಬೇಕು. ಆರು ಪ್ರಶ್ನೆಗಳಿವೆ; ನಾಲ್ಕನೆಯದು, ನಿಮ್ಮ ಜೊತೆಗಾರ ನಿಮ್ಮ ಕರೆಯನ್ನು ಕೇಳಿ ತಪ್ಪಿಲ್ಲದೆ ತಿರುಗಿ ಹೇಳುತ್ತಾರೆಯೇ ಎಂದು. ಪ್ರತಿ ಸಲ ವ್ಯಾನಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಓದದೆ ಗೀಚುತ್ತಿದ್ದೆವು. ಈ ಸಲ ಮಾತ್ರ ಅಕ್ಕ, ಇಬ್ಬರೂ ಒಂದು ಕಡೆ ನೆಮ್ಮದಿಯಾಗಿ ಕೂತು ಉಂಡು ಸಹಿ ಮಾಡಿ ಎಂದು ಹಟ ಹಿಡಿದಳು. ಭಾವ ನನ್ನ ಫಾರಮ್ಮಿಗೆ ಆಗಲೇ ಸಹಿ ಹಾಕಿ ಕೊಟ್ಟಿದ್ದರು. ಅವರದಕ್ಕೆ ನನ್ನದೊಂದು ಬಾಕಿ.

ಮೇಜು ಉಕ್ಕಿನದು. ನಡುವೆ ಒಲೆ, ಒಲೆಯ ಮೇಲೆ ಅಗಲವಾದ ಪಾತ್ರೆ, ಪಾತ್ರೆಯಲ್ಲಿ ಕೆಂಪಗಿನ ಸಾರು. ಸುತ್ತ ತಟ್ಟೆಗಳಲ್ಲಿ ಹಸಿ ಹಸಿಯಾಗಿ ಎಲ್ಲ: ಕಾಗದದಷ್ಟು ತೆಳ್ಳಗೆ ಕೊಯ್ದ ಮಾಂಸ, ಅಣಬೆ, ಸೊಪ್ಪು, ಮೀನಿನ ಉಂಡೆ, ನೂಡಲ್ಸು. ನಮಗೆ ಬೇಕಾದ್ದನ್ನು ನಾವೇ ಮುಳುಗಿಸಿ, ಬೆಂದ ಮೇಲೆ ಜಾಲರಿ ಸೌಟಿನಲ್ಲಿ ಎತ್ತಿಕೊಳ್ಳಬೇಕು. ಅಡುಗೆಯನ್ನೂ ನಾವೇ ಮಾಡಿಕೊಂಡು ದುಡ್ಡನ್ನೂ ನಾವೇ ಕೊಡಬೇಕಾ ಎಂದು ಅಕ್ಕ ಮೂಗು ಮುರಿದಳು. ಅವಳು ಭಾವನ ಪಕ್ಕದಲ್ಲಿ, ಬಲಗಡೆ ಕೂತಳು. ನಾನು ಎದುರಿಗೆ ಕೂತೆ.

ಸಾರು ಕುದಿಯುವವರೆಗೆ ಎಲ್ಲ ಸರಿ ಇತ್ತು. ಭಾವ ಲಿಫ್ಟಿನ ಬಾಗಿಲು ಇನ್ನೂ ಎಷ್ಟು ಮೆತ್ತಗೆ ಮುಚ್ಚುತ್ತದೆ ನೋಡು ಎಂದರು. ನಾನು ಹೇಳಿದ್ದಕ್ಕೆಲ್ಲ ತಕ್ಕ ಉತ್ತರ ಕೊಟ್ಟರು, ಒಂದು ಹಳೆಯ ಜೋಕನ್ನೂ ಹೇಳಿದರು. ಆಮೇಲೆ ಪಾತ್ರೆಯಿಂದ ಆವಿ ಎದ್ದಿತು. ನನಗೂ ಅವರಿಗೂ ನಡುವೆ ಬಿಳಿ ಪರದೆ. ಭಾವ ಕುತ್ತಿಗೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಚಾಚಿ ನನ್ನ ಮುಖ ಹುಡುಕುತ್ತಿದ್ದರು. ಅಕ್ಕ ಕೈ ಚಾಚಿ ಒಲೆಯ ಉರಿ ತಗ್ಗಿಸಿದಳು. ನಾನು ಏರಿಸಿದೆ. ಅವಳು ಮತ್ತೆ ತಗ್ಗಿಸಿದಳು. ಗ್ಯಾಸು ನಿನ್ನ ಮನೆಯದಲ್ಲ, ಜಿಪುಣತನ ಇಲ್ಲಿ ಬೇಡ ಎಂದು ರೇಗಿಸಿ ನಾನು ಪೂರ್ತಿ ಏರಿಸಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನಮ್ಮಿಬ್ಬರದು ಹುಟ್ಟಿದಾಗಿನಿಂದ ಅದೇ ಕತೆ.

ನಾನು ಮಾಂಸ ಮುಳುಗಿಸಿ, ಅಭ್ಯಾಸದಂತೆ “ಮಾಂಸ ಹೋಯ್ತು” ಎಂದೆ.

ಭಾವ ತಿರುಗಿ ಹೇಳಲಿಲ್ಲ. ಆವಿಯ ಆಚೆ ಸುಮ್ಮನೆ ನಗುತ್ತಿದ್ದರು. ಬಾಯಲ್ಲಿ ಏನೋ ಇರಬೇಕು ಎಂದುಕೊಂಡು ಅಣಬೆಯ ತಟ್ಟೆಗೆ ಕೈ ಹಾಕಿದೆ.

“ಅಣಬೆ ಹೋಯ್ತು.”

“ಅಣಬೆ ಹೋಯ್ತು,” ಎಂದಳು ಅಕ್ಕ.

ನನ್ನ ಸೌಟು ಅಲ್ಲೇ ನಿಂತಿತು. ಹತ್ತೊಂಬತ್ತು ವರ್ಷ ಗಿಳಿಪಾಠ ಎಂದು ನಕ್ಕವಳು, ಗಂಡನ ಬದಲು ತಾನು ಗಿಳಿಯಾಗಿದ್ದಳು. ಅದನ್ನು ಎಷ್ಟು ಚುರುಕಾಗಿ ಹೇಳಿದಳೆಂದರೆ, ಇದು ಮೊದಲ ಸಲ ಅಲ್ಲ ಎಂದು ಗೊತ್ತಾಗುವಂತಿತ್ತು. ನೆನಪಿಸಿಕೊಂಡರೆ ಈಚೆಗೆ ಅವರ ಮನೆಯಲ್ಲಿ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವಳು ಅವಳೇ. ಹೆಂಡತಿ ಬಾಯಿ ಬಿಟ್ಟರೆ ಗಂಡನ ಕಿವಿ ಮುಚ್ಚುತ್ತದೆ ಎಂದು ನಾನೇ ಎಷ್ಟೋ ಸಲ ಭಾವನನ್ನು ಕಿಚಾಯಿಸಿದ್ದೆ. ಭಾವ ಆಗಲೂ ಹೀಗೇ ನಗುತ್ತಿದ್ದರು.

ಪರೀಕ್ಷೆ ಮಾಡುವುದು ಒಳ್ಳೆಯವರ ಲಕ್ಷಣ ಅಲ್ಲ. ಆದರೂ ಮಾಡಿದೆ. ಆವಿಯ ಕಡೆಗೆ ಮುಖ ಮಾಡಿ, ನಾಳೆ ನೀವು ಕೆಳಗಿಳಿಯಿರಿ, ನಾನು ಮೇಲೆ ನಿಲ್ಲುತ್ತೇನೆ ಎಂದೆ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಹೇಳದ ಮಾತು. ಅಕ್ಕನ ಮುಖ ಬಿಳಿಚಿಕೊಂಡಿತು. ಭಾವ ಹೌದೆಂಬಂತೆ ತಲೆಯಾಡಿಸಿ ಸೌಟಿನಲ್ಲಿ ಮೀನಿನ ಉಂಡೆ ಎತ್ತಿದರು. ಅವರ ಎಡ ಅಂಗೈ ಮೇಜಿನ ಮೇಲೆ ಚಪ್ಪಟೆಯಾಗಿ ಕೂತಿತ್ತು. ಅದನ್ನು ನೋಡಿದ ಮೇಲೆ ನಾನು ಚಮಚ ತೆಗೆದುಕೊಂಡು, ಮೇಜಿನ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ ಒಂದು ಸಲ ಬಡಿದೆ.

ಭಾವನ ಎರಡೂ ಕೈಗಳು ಮೇಲೆ ಹೋದವು. ಬಲಗೈಯ ಸೌಟಿನಿಂದ ಸಾರು ಸೋರಿ ಅಂಗಿಯ ತೋಳು ಒದ್ದೆಯಾಯಿತು. “ನಿಲ್ಲು,” ಎಂದರು, ಕೆಲಸದ ದನಿಯಲ್ಲಿ. ಪಕ್ಕದ ಮೇಜಿನವರು ತಿರುಗಿ ನೋಡಿದರು.

ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಮೂರು ವಾರದ ಹಿಂದೆ ಗುಂಡಿಯಲ್ಲಿ ನನ್ನ ಕೈಯಿಂದ ಸ್ಪ್ಯಾನರ್ ಜಾರಿ ತಳದಲ್ಲಿ ನಿಂತ ಎಣ್ಣೆಯೊಳಗೆ ಬಿತ್ತು, ತೋಳು ಒಂದು ಬ್ರಾಕೆಟ್ಟಿಗೆ ಸಿಕ್ಕಿಕೊಂಡಿತು. ‘ನಿಲ್ಲು’ ಎಂದು ಗಂಟಲು ಹರಿಯುವಂತೆ ಕೂಗಿದೆ. ಡಬ್ಬಿ ಇಳಿಯುತ್ತಲೇ ಇತ್ತು. ಕೊನೆಗೆ ಬೂಟಿನಿಂದ ಹಳಿಯನ್ನು ಒದ್ದ ಮೇಲೆ ನಿಂತಿತು. ನನ್ನ ಹೆಲ್ಮೆಟ್ಟಿಗೂ ಅದಕ್ಕೂ ನಡುವೆ ಒಂದು ಗೇಣು ಉಳಿದಿತ್ತು. ಮೇಲೆ ಬಂದು ಬಾಯಿಗೆ ಬಂದ ಹಾಗೆ ಬೈದೆ. ಭಾವ ತಲೆ ತಗ್ಗಿಸಿ, ತೂಕಡಿಕೆ ಬಂದುಬಿಟ್ಟಿತು ಎಂದರು. ನಮ್ಮ ಕಸುಬಿನಲ್ಲಿ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಮಾಡದ ಆ ತಪ್ಪನ್ನು ಮೈಮೇಲೆ ಎಳೆದುಕೊಂಡು ಅವರು ಕಿವಿಯ ವಿಷಯ ಮುಚ್ಚಿಟ್ಟಿದ್ದರು.

ಭಾವ ಒದ್ದೆ ತೋಳು ತೊಳೆಯಲು ಎದ್ದು ಹೋದರು. ಅಕ್ಕ ನಾನು ಕೇಳುವ ಮೊದಲೇ ಶುರು ಮಾಡಿದಳು.

“ಎಂಟು ತಿಂಗಳಾಯ್ತು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಹತ್ರ ಕೂತು ಮಾತಾಡಿದ್ರೆ ಸ್ವಲ್ಪ. ಮಿಕ್ಕಿದ್ದೆಲ್ಲ ತುಟಿ ನೋಡಿ ತಿಳ್ಕೋತಾರೆ.”

“ನಾನು ನಿನ್ನ ತಮ್ಮ ಅಲ್ವಾ?”

“ತಮ್ಮನೇ. ಅದಕ್ಕೇ ಬಡಿಯೋದನ್ನ ಕಂಡುಹಿಡಿದಿದ್ದು. ಅವರಲ್ಲ, ನಾನು. ಅಡುಗೆಮನೆ ಕಟ್ಟೆ ಮೇಲೆ ಅಂಗೈ ಇಡಿಸಿ ಹತ್ತು ದಿನ ಪ್ರಾಕ್ಟೀಸ್ ಮಾಡಿಸಿದೆ. ಒಂದೂ ತಪ್ಪಲಿಲ್ಲ.” ಅವಳು ತಣ್ಣಗಾಗುತ್ತಿದ್ದ ಅಣಬೆಯನ್ನು ಬಟ್ಟಲಿನಲ್ಲಿ ಅತ್ತಿತ್ತ ತಳ್ಳಿದಳು. “ಸ್ಪ್ಯಾನರ್ ಕೈಜಾರುತ್ತೆ ಅಂತ ನನಗೇನು ಗೊತ್ತು.”

ಅದಾದ ಮೇಲೆ ಭಾವ ನನಗೆ ಹೇಳಿಬಿಡುತ್ತೇನೆ ಎಂದು ಎರಡು ಸಲ ಹೊರಟಿದ್ದರಂತೆ. ಈ ಫಾರಂ ಒಂದು ಮುಗಿಯಲಿ ಎಂದು ಇವಳೇ ತಡೆದಳಂತೆ. ನನ್ನ ಅಂದಿನ ಸಿಟ್ಟು ಇಳಿದು ಸಹಿ ಬೀಳಲಿ ಎಂದೇ ಈ ಊಟವಂತೆ. ಸಹಿ ಸಿಗದಿದ್ದರೆ ಅವರನ್ನು ಸ್ಟೋರಿಗೆ ಹಾಕುತ್ತಾರೆ. ನೆಲಮಾಳಿಗೆಯಲ್ಲಿ ಕೂತು ಬೋಲ್ಟು, ನಟ್ಟುಗಳನ್ನು ಡಬ್ಬಕ್ಕೆ ತುಂಬುವ ಕೆಲಸ. ಇಪ್ಪತ್ತಾರು ವರ್ಷ ಮಹಡಿಗಳ ಮೇಲೆ ನಿಂತ ಮನುಷ್ಯ, ಅಲ್ಲಿ ಒಂದು ತಿಂಗಳಿಗೆ ಮುದುಕರಾಗುತ್ತಾರೆ ಎಂದಳು. ಬಾಯಲ್ಲಿ ಸುಳ್ಳು ಇಲ್ಲದವಳು ಎಂದು ನಾನು ನಂಬಿದ್ದ ಅಕ್ಕ, ಗಂಡನ ಕೆಲಸವನ್ನೂ ತಮ್ಮನ ತಲೆಯನ್ನೂ ತಕ್ಕಡಿಯಲ್ಲಿಟ್ಟು ತೂಗಿದ್ದಳು. ತಕ್ಕಡಿ ಸಮ ಬರಲಿ ಎಂದು ತನಗೆ ತಿಳಿದ ಉಪಾಯವನ್ನೆಲ್ಲ ಮಾಡಿದ್ದಳು ಎನ್ನುವುದೂ ನಿಜ. ಆದರೂ ನನಗೆ ನೋವಾಯಿತು. ಈಗಲೂ ಆಗುತ್ತದೆ.

ನಾನು ಒಲೆ ಆರಿಸಿದೆ. ಭಾವ ಬಂದು ಕೂತಾಗ ಆವಿ ಇಳಿದಿತ್ತು, ಸಾರಿನ ಮೇಲೆ ಎಣ್ಣೆ ಕೆನೆಗಟ್ಟುತ್ತಿತ್ತು. ಅವರು ಅಕ್ಕನ ಮುಖ ನೋಡಿದರು, ನನ್ನ ಮುಖ ನೋಡಿದರು. ಹೇಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ. ಅಂಗಿಯ ಜೇಬಿನಿಂದ ಫಾರಂ ತೆಗೆದು, ಮಡಿಕೆ ಬಿಡಿಸಿ, ಪೆನ್ನಿನ ಜೊತೆ ನನ್ನ ಮುಂದೆ ಸರಿಸಿದರು.

ಸಹಿ ಹಾಕಬಹುದಿತ್ತು. ಗೊತ್ತಾದ ಮೇಲೆ ಭಯವೇನು, ಎರಡು ಸ್ಪ್ಯಾನರ್ ಸೊಂಟಕ್ಕೆ ಕಟ್ಟಿಕೊಂಡು ಇಳಿದರಾಯಿತು ಎಂದು ಮನಸ್ಸು ಹೇಳಿತು. ಆ ಅಂಗೈಯನ್ನು ನಾನು ಬೇರೆ ಯಾರ ಕಿವಿಗಿಂತಲೂ ಹೆಚ್ಚು ನಂಬುತ್ತೇನೆ, ಅದೂ ಸುಳ್ಳಲ್ಲ. ಆದರೆ ನನಗೆ ಜ್ವರ ಬಂದ ದಿನ ಕಂಪನಿ ಬೇರೆ ಒಬ್ಬನನ್ನು ಆ ಗುಂಡಿಗೆ ಇಳಿಸುತ್ತದೆ. ಅವನಿಗೆ ಬಡಿಯಲು ಗೊತ್ತಿರುವುದಿಲ್ಲ. ಅವನು ನಿಯಮ ನಂಬಿಕೊಂಡು ಬಾಯಲ್ಲಿ ಕೂಗುತ್ತಾನೆ. ಅವನೂ ಯಾರದೋ ತಮ್ಮ.

ನಾನು ಪೆನ್ನು ಮುಟ್ಟಲಿಲ್ಲ. ಮುಂದಕ್ಕೆ ಬಾಗಿ, ತುಟಿ ಚೆನ್ನಾಗಿ ಕಾಣುವ ಹಾಗೆ ಬೆಳಕಿಗೆ ಮುಖ ಕೊಟ್ಟು, “ನಾನು ಸಹಿ ಹಾಕಲ್ಲ ಭಾವ,” ಎಂದೆ.

ಅಕ್ಕ ಕಿಟಕಿಯ ಕಡೆ ತಿರುಗಿಕೊಂಡಳು.

ಭಾವ ನನ್ನ ತುಟಿಯನ್ನೇ ನೋಡುತ್ತಿದ್ದರು. “ನೀನು ಸಹಿ ಹಾಕಲ್ಲ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಕರೆ ಬಂದಿತ್ತು, ತಿರುಗಿ ಹೇಳಿದರು, ಅಷ್ಟೇ. ಒಂದು ಅಕ್ಷರ ತಪ್ಪಿರಲಿಲ್ಲ.

ಆಮೇಲೆ ಎಡ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಕಾದರು. ತುಟಿ ನೋಡಿದ್ದು ಅವರಿಗೆ ಸಾಲದಾಗಿತ್ತು. ಬಾಯಲ್ಲಿ ಕರೆದರೆ ಸಾಲದು ಎಂದು ಎಂಟು ತಿಂಗಳ ಹಿಂದೆ ಹೇಳಿದವರು ಅವರೇ ಅಲ್ಲವೇ. ನಾನು ಚಮಚ ತೆಗೆದುಕೊಂಡೆ. ಮೇಜಿನ ಮೇಲೆಯೇ, ಮೂವರಿಗೂ ಕಾಣುವ ಹಾಗೆ, ಒಂದು ಸಲ ಬಡಿದೆ.

ಭಾವ ಎರಡೂ ಕೈಗಳನ್ನು ಎತ್ತಿ ಹಿಡಿದರು.