ಸಂಜೆ ತರಗತಿಯ ಮೌಲ್ಯಮಾಪನ

ಗುಡುಗು ಮೇಡಂ ನಕ್ಕರು. ಗಣಿತ ವಿಭಾಗದಲ್ಲಿ ಅವರ ಕೈಕೆಳಗೆ ಕೂದಲು ನರೆಸಿಕೊಂಡವರೂ ಆ ನಗುವನ್ನು ಕಂಡವರಲ್ಲ. ಕಂಡಿದ್ದರೆ ಅರ್ಧ ವಿಭಾಗ ಅಂದೇ ಸ್ವಯಂನಿವೃತ್ತಿ ಪಡೆದು ಮನೆ ಸೇರುತ್ತಿತ್ತು. ಎದುರಿಗೆ ಕೂತಿದ್ದ ನಾಳೆ ಸಾಹೇಬರು ಚಹಾದ ಕಪ್ಪನ್ನು ಕುಡಿಯದೆ ಕೆಳಗಿಟ್ಟರು.

"ತಮಗೆ ನಾನೇ ಬೇಕಾ?" ಎಂದರು ಮೇಡಂ.

"ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ ಮೇಡಂ? ತಾಲೀಮಿಗೆ ನೀವು ಅಧ್ಯಕ್ಷರಾಗಿ ಕೂತ್ರೆ ಸಾಕು. ನಿಮ್ಮ ಪ್ರಶ್ನೆ ತಡ್ಕೊಂಡೋರು ಯಮನ ಮುಂದೂ ಎದೆ ಸೆಟೆಸಿ ನಿಲ್ತಾರೆ."

ಆ ವಿಶ್ವವಿದ್ಯಾಲಯ ಎಷ್ಟು ದೊಡ್ಡದೆಂದರೆ, ಒಂದು ಗೇಟಿನಲ್ಲಿ ಸೇರಿದ ಹುಡುಗ ಇನ್ನೊಂದು ಗೇಟಿನ ಬಳಿಯ ತನ್ನ ವಿಭಾಗವನ್ನು ಹುಡುಕಿಕೊಂಡು ಹೋಗುವಷ್ಟರಲ್ಲಿ ಅವನಿಗೆ ಮೀಸೆ ಬಂದು, ಮದುವೆಯಾಗಿ, ಮಗಳು ಅದೇ ಕಾಲೇಜಿಗೆ ಅರ್ಜಿ ಹಾಕಿರುತ್ತಿದ್ದಳು. ಐದು ವರ್ಷಕ್ಕೊಮ್ಮೆ ಹೊರಗಿನ ತಂಡವೊಂದು ಬಂದು ಅದಕ್ಕೆ ದರ್ಜೆ ಕೊಡುತ್ತಿತ್ತು. ತಂಡ ಬರುವ ಮೊದಲು ವಿಶ್ವವಿದ್ಯಾಲಯವೇ ತನ್ನನ್ನು ಅಳೆದುಕೊಂಡು, ತಾನು ಹೇಗಿದ್ದೇನೆ, ಮುಂದೆ ಹೇಗಿರುತ್ತೇನೆ ಎಂದು ವರದಿ ಬರೆಯಬೇಕು. ಅಳತೆಗೋಲೂ ತನ್ನದೇ, ಬಟ್ಟೆಯೂ ತನ್ನದೇ ಆದಾಗ ಅಂಗಿ ಯಾರಿಗೆ ತಾನೇ ಬಿಗಿಯಾದೀತು? ಆಮೇಲೆ ತಾಲೀಮು. ನಿವೃತ್ತರನ್ನು ಕರೆಸಿ ಸುಳ್ಳು ತಂಡ ಕಟ್ಟುವುದು. ಅವರು ಸುಳ್ಳು ಪ್ರಶ್ನೆ ಕೇಳಿ ನಿಜವಾದ ಬಿಸ್ಕತ್ತು ತಿಂದು ಹೋಗುವುದು.

ಇದೆಲ್ಲದರ ಸೂತ್ರಧಾರ ಯೋಜನಾ ನಿರ್ದೇಶಕರಾದ ನಾಳೆ ಸಾಹೇಬರು. ಸೋರುವ ಮಾಳಿಗೆಯ ಬಗ್ಗೆ ಕೇಳಿದರೆ ಇಪ್ಪತ್ತು ವರ್ಷದ ಮೇಲೆ ಬರಲಿರುವ ಗಾಜಿನ ಗೋಪುರದ ನಕ್ಷೆ ಬಿಡಿಸಿ ತೋರಿಸುವವರು. ಈ ಸಲ ಒಳ್ಳೆಯ ದರ್ಜೆ ಬಂದರೆ ಮುಂದಿನ ಕುಲಪತಿ ಅವರೇ ಎಂದು ಗುಬ್ಬಚ್ಚಿಗಳೂ ಮಾತಾಡಿಕೊಳ್ಳುತ್ತಿದ್ದವು. ಅಲ್ಲಿ ಯಾರು ಏನಾಗಬೇಕೆಂಬುದು ತೀರ್ಮಾನವಾಗುತ್ತಿದ್ದದ್ದು ಸಭೆಯಲ್ಲಲ್ಲ, ಅತಿಥಿಗೃಹದ ಹುಲ್ಲುಹಾಸಿನ ಮೇಲೆ, ಸಂಜೆ ಆರರ ನಂತರ. ಒಂದು ಸಂಜೆ ಅಲ್ಲಿ ಕುರ್ಚಿ ಖಾಲಿ ಬಿಟ್ಟವನು ಮರುದಿನ ಹೋದರೆ ಅದರಲ್ಲಿ ಬೇರೆಯವನು ಬೇರು ಬಿಟ್ಟಿರುತ್ತಿದ್ದ.

ಮೇಡಂಗೂ ಅವರಿಗೂ ಇದ್ದ ಹಗೆ ಹಾವು ಮುಂಗುಸಿ ನೋಡಿ ಕಲಿಯಬೇಕಾದಂಥದು. ಹಗಲೆಲ್ಲ ದುಡಿದು ಬರುವವರಿಗಾಗಿ ಮೇಡಂ ಸಂಜೆ ತರಗತಿ ನಡೆಸುತ್ತಿದ್ದರು. ತಮ್ಮ ಶಿಷ್ಯನಾಗಿದ್ದ ಇದೇ ನಾಳೆ ಸಾಹೇಬರಿಗೆ ಮೊದಲ ಸಲ ಸೀಮೆಸುಣ್ಣ ಹಿಡಿಸಿದ್ದೂ ಆ ತರಗತಿಯಲ್ಲೇ. ಶಿಷ್ಯ ನಿರ್ದೇಶಕನಾದ ಮೇಲೆ ಮೊದಲು ಮುಚ್ಚಿಸಿದ್ದು ಅದನ್ನೇ. ಮುಚ್ಚಿದ್ದು ಸಾಲದೆಂಬಂತೆ, ಮೇಡಂ ನಿವೃತ್ತರಾದ ದಿನ, ಬೀಳ್ಕೊಡಲು ಬಂದಿದ್ದ ಆ ತರಗತಿಯ ಬಸ್ ಕಂಡಕ್ಟರು, ದರ್ಜಿ, ಆಸ್ಪತ್ರೆಯ ದಾದಿ ಎಲ್ಲರೂ ಕೂತಿದ್ದಾಗ, ಗೋಡೆಯಗಲದ ಪರದೆಯ ಮೇಲೆ ವರ್ಷದ ಮೌಲ್ಯಮಾಪನ ತೋರಿಸಿದರು: "ಸಂಜೆ ತರಗತಿ. ಉಪಯುಕ್ತತೆ: ಶೂನ್ಯ." ಮೇಡಂ ಆವತ್ತು ಗುಡುಗಲಿಲ್ಲ. ಮನೆಗೆ ಬಂದು ತರಕಾರಿ ಹೆಚ್ಚಲು ಕೂತರು. ಅಂದಿನಿಂದ ಆ ಮನೆಯ ಈಳಿಗೆಮಣೆ ಕಂಡರೆ ಬೀದಿಯ ಬೆಕ್ಕುಗಳೆಲ್ಲ ದಿಕ್ಕು ಬದಲಿಸುತ್ತಿದ್ದವು.

ಸಾಹೇಬರು ಹೋದ ಮೇಲೆ ಒಳಗಿನಿಂದ ತಂಗಿ ಬಂದಳು. "ಒಪ್ಕೊಂಡ್ಯಾ ಅಕ್ಕ? ಆ ಚಹಾನ ಅವನ ಮುಖಕ್ಕೆ ಎರಚೋದು ಬಿಟ್ಟು."

"ಆರಿಹೋಗಿತ್ತು ಕಣೇ."

ತಾಲೀಮಿನ ದಿನ ಸಭಾಂಗಣಕ್ಕೆ ಬಳಿದ ಹೊಸ ಬಣ್ಣ ಕುರ್ಚಿಗಳಿಗೂ, ಕುರ್ಚಿಗಳಿಂದ ಪ್ರಾಧ್ಯಾಪಕರಿಗೂ ಹತ್ತಿತ್ತು. ಗುಮಾಸ್ತರು ಹಳೆಯ ವಿದ್ಯಾರ್ಥಿಗಳ ವೇಷ ಹಾಕಿ ಕೂತಿದ್ದರು. ನಾಳೆ ಸಾಹೇಬರು ಎಲ್ಲರಿಗೂ ಒಂದೇ ಮಂತ್ರ ಉಪದೇಶಿಸಿದ್ದರು: ತಂಡ ಏನೇ ಕೇಳಲಿ, ಬಾಯಿಂದ 'ಇಲ್ಲ' ಬರಕೂಡದು. "ಈಜುಕೊಳ ಇದೆಯಾ?" ಎಂದು ಮೇಡಂ ಕೇಳಿದಾಗ ವ್ಯಾಯಾಮ ಶಿಕ್ಷಕರು ಎದ್ದು, "ಇದೆ ಮೇಡಂ, ನೀರು ಬರೋದೊಂದು ಬಾಕಿ," ಎಂದರು. ನೀರೊಂದೇ ಅಲ್ಲ, ಕೊಳವೂ ಬಾಕಿಯಿತ್ತು.

ಪರದೆಯ ಮೇಲೆ 'ನಮ್ಮ ಅತ್ಯುತ್ತಮ ಪದ್ಧತಿ' ಎಂದು ಬಂತು. ಕೆಳಗೆ: "ದುಡಿಯುವ ಜನರಿಗಾಗಿ ಸಂಜೆ ತರಗತಿ, ನಮ್ಮ ಹೆಮ್ಮೆ." ಮುಂದಿನ ಚಿತ್ರದಲ್ಲಿ ಆ ಹೆಮ್ಮೆ ನಗರದ ಮೂಲೆಮೂಲೆಗೂ ಹಬ್ಬಲಿರುವ ನಕ್ಷೆ. ಮೇಡಂ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದರು.

"ಇದು ಈಗಲೂ ನಡೀತಿದೆಯಾ?"

ಪಕ್ಕದಲ್ಲಿ ಕುಲಪತಿಗಳು ಕೂತಿದ್ದರು. 'ಇಲ್ಲ' ಎನ್ನುವಂತಿಲ್ಲ. "ಆಶಯದ ಮಟ್ಟದಲ್ಲಿ ನಡೀತಿದೆ ಮೇಡಂ," ಎಂದರು ನಾಳೆ ಸಾಹೇಬರು.

"ಪಾಠ ಯಾರು ಮಾಡ್ತಿದಾರೆ?"

ಸಾಹೇಬರು ಅತ್ತಿತ್ತ ನೋಡಿದರು. ಇಡೀ ಗಣಿತ ವಿಭಾಗ ತನ್ನ ಚಪ್ಪಲಿಗಳನ್ನು ಅಧ್ಯಯನ ಮಾಡುತ್ತಿತ್ತು. "ನಾನೇ."

"ಸಂತೋಷ. ತಂಡದೋರು ಸಂಜೆ ಆರಕ್ಕೆ ಬಂದು ನೋಡ್ತೀವಿ ಅಂದ್ರೆ?"

"ಖಂಡಿತ."

"ಅವರು ಕೇಳೋ ತನಕ ಯಾಕೆ ಕಾಯ್ಬೇಕು? ತೋರಿಸೋ ಪಟ್ಟೀಲೇ ಹಾಕ್ಬಿಡಿ," ಎಂದು ಕುಲಪತಿಗಳು ಖುಷಿಯಿಂದ ಹೊಟ್ಟೆ ಸವರಿಕೊಂಡರು.

ಮಧ್ಯಾಹ್ನ ಮೊಗಸಾಲೆಯಲ್ಲಿ ಸಾಹೇಬರು ಓಡೋಡಿ ಬಂದು ಹಿಡಿದರು. "ಮೇಡಂ, ಕೈ ಹಿಡಿದು ನಡೆಸಿದೋರು ನೀವು. ನಾನು ಎರಡು ಮಾತು ಸ್ವಾಗತ ಹೇಳಿ ನಿಲ್ಲಿಸ್ತೀನಿ. ಆದ್ರೆ ಕೂರೋಕೆ ವಿದ್ಯಾರ್ಥಿಗಳೇ ಇಲ್ವಲ್ಲ."

"ತಾವು ಚಿಂತೆ ಬಿಡಿ. ಅವರನ್ನ ನಾನು ಕರ್ಕೊಂಡು ಬರ್ತೀನಿ."

ಕರೆತಂದರು. ಕಂಡಕ್ಟರನ್ನು ಬಸ್ಸಿನಲ್ಲೇ ಹಿಡಿದರು. ಟಿಕೆಟ್ ಹರಿಯುವುದು ಬಿಟ್ಟು ಅವನು ಮೇಡಂ ಕಾಲು ಮುಟ್ಟಲು ಹೋದಾಗ ಹಿಂದಿದ್ದವರೆಲ್ಲ ಮುಂದಿದ್ದವರ ಮೇಲೆ ಬಿದ್ದರು. ದರ್ಜಿ ಬಾಯಲ್ಲಿದ್ದ ಸೂಜಿ ನುಂಗುವುದೊಂದು ಬಾಕಿ. "ಮತ್ತೆ ಶುರುವಾಯ್ತಾ ಮೇಡಂ? ಆರು ಗಂಟೆಗೆ ಅಂಗಡಿ ಬಾಗಿಲು ಹಾಕ್ಬಿಡ್ತೀನಿ, ಗಿರಾಕಿಗಳು ಬೇಕಾದ್ರೆ ಬರಿಮೈಲಿ ತಿರುಗಲಿ." ದಾದಿ ಮಾತ್ರ ಕಣ್ಣೊರೆಸಿಕೊಂಡಳು.

"ಒಂದೇ ದಿನಕ್ಕೆ ಅಂತ ಹೇಳಿದೀಯಾ ಅವರಿಗೆ?" ಎಂದಳು ತಂಗಿ.

ಮೇಡಂ ತೊಳೆದಿಟ್ಟ ಲೋಟವನ್ನೇ ಮತ್ತೊಮ್ಮೆ ತೊಳೆಯತೊಡಗಿದರು.

ನಿಜವಾದ ತಂಡ ಬಂದ ದಿನ ಸಂಜೆ ಆರಕ್ಕೆ ಆ ಕೋಣೆಯಲ್ಲಿ ಬೆಂಚು ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೂ ಕೂತಿದ್ದರು. ಒಬ್ಬರು ಇನ್ನೊಬ್ಬರಿಗೆ ಹೇಳಿ, ಇನ್ನೊಬ್ಬರು ನೆಂಟರಿಗೆ ಹೇಳಿ, ನಗರದ ಅರ್ಧ ಕೆಲಸ ನಿಂತುಹೋಗಿತ್ತು. ಮೇಡಂ ಕೊನೆಯ ಬೆಂಚಿನಲ್ಲಿ ಕೂತರು. ತಂಡದ ಅಧ್ಯಕ್ಷರು, ಕುಲಪತಿಗಳು ಗೋಡೆಯ ಪಕ್ಕ ನಿಂತರು. ನಾಳೆ ಸಾಹೇಬರು, "ಭವಿಷ್ಯವೆಂಬುದು..." ಎಂದು ಆರಂಭಿಸುವಷ್ಟರಲ್ಲಿ ಮೇಡಂ ಎದ್ದುನಿಂತರು.

"ಸರ್, ಹೋದ ಸಲ ವರ್ಗ ಸಮೀಕರಣದ ಹತ್ರ ನಿಲ್ಲಿಸಿದ್ರಿ. ಅಲ್ಲಿಂದಲೇ ಮುಂದುವರಿಸ್ತೀರಾ?"

ಸಾಹೇಬರ ಮುಖದಿಂದ ಇಳಿದ ಬೆವರಿನಲ್ಲಿ ಆ ಈಜುಕೊಳ ತುಂಬಬಹುದಿತ್ತು. ಹಲಗೆಯ ಕಡೆ ತಿರುಗಿದರು. ಮೊದಲ ಸಾಲು ಹೇಗೋ ಬಂತು. ಎರಡನೆಯ ಸಾಲಿನಲ್ಲಿ ಮೈನಸ್ ಬಿಟ್ಟುಹೋಯಿತು. ಮೂರನೆಯ ಸಾಲಿನ ನಡುವೆ ಕೈ ನಿಂತಿತು, ಕೆಸರಲ್ಲಿ ಹೂತ ಗಾಡಿಯ ಹಾಗೆ. ಮೇಡಂ ಕಾದಿದ್ದ ಗಳಿಗೆ ಇದೇ. ಇನ್ನೇನು ನಗು ಏಳಬೇಕು, ಗೋಡೆ ಬಿರಿಯುವಂಥ ನಗು.

ಯಾರೂ ನಗಲಿಲ್ಲ. ಇಡೀ ಕೋಣೆ ತಲೆ ತಗ್ಗಿಸಿ ಬರೆದುಕೊಳ್ಳುತ್ತಿತ್ತು. ದರ್ಜಿ ಆ ತಪ್ಪು ಸಾಲನ್ನು ಗುಂಡಗೆ ಬರೆದು ಕೆಳಗೆ ಗೆರೆ ಎಳೆದ. ತಂಡದ ಅಧ್ಯಕ್ಷರು ಹಲಗೆಯನ್ನು ನೋಡಿಯೇ ಇರಲಿಲ್ಲ. ದಾದಿಯ ಸಮವಸ್ತ್ರವನ್ನು, ಕಂಡಕ್ಟರನ ಹೆಗಲ ಚೀಲವನ್ನು ನೋಡುತ್ತಿದ್ದರು.

"ನಿರ್ದೇಶಕರೇ ಖುದ್ದಾಗಿ ಪಾಠ ಮಾಡೋ ವಿಶ್ವವಿದ್ಯಾಲಯ ನಾನು ಎಲ್ಲೂ ಕಂಡಿಲ್ಲ," ಎಂದರು ಅವರು.

ಮೇಡಂ ಬೆಂಚಿನ ಅಂಚನ್ನು ಹಿಡಿದುಕೊಂಡರು. ಹಾವಿಗೆ ಹೊಂಚು ಹಾಕಿ ಹಾಲು ಎರೆದಂತಾಗಿತ್ತು. ಅಷ್ಟರಲ್ಲಿ ಕುಲಪತಿಗಳು ಹೊಗಳಿಕೆಯ ಗಾಳಿಗೆ ಉಬ್ಬಿ ನೆಲದಿಂದ ಒಂದು ಗೇಣು ಮೇಲೆದ್ದಿದ್ದರು.

"ಒಂದು ದಿನಾನೂ ತಪ್ಪಿಸಲ್ಲ ಸರ್. ದಿನಾ ಆರು ಗಂಟೆಗೆ. ಮುಂದಿನ ಐದು ವರ್ಷಾನೂ ಇವರೇ."

"ಹಾಗೇ ಬರೀತೀನಿ," ಎಂದರು ಅಧ್ಯಕ್ಷರು. "ಮಧ್ಯೆ ಮಧ್ಯೆ ಹೇಳದೆ ಬಂದು ನೋಡ್ತೀವಿ."

ನಾಳೆ ಸಾಹೇಬರು ಕಿಟಕಿಯಾಚೆ ನೋಡಿದರು. ಅತಿಥಿಗೃಹದ ಹುಲ್ಲುಹಾಸಿನ ಮೇಲೆ ದೀಪ ಹೊತ್ತಿ, ಕುರ್ಚಿಗಳನ್ನು ಹಾಕುತ್ತಿದ್ದರು. 'ಇಲ್ಲ' ಎನ್ನಬಾರದೆಂದು ಊರಿಗೆಲ್ಲ ಕಲಿಸಿದವರು ತಾವೇ.

ತಂಡ ಹೊರಟಿತು, ಕುಲಪತಿಗಳು ತೇಲುತ್ತ ಹಿಂದೆ ಹೋದರು. ಸಾಹೇಬರೂ ಕೈಯ ಪುಡಿ ಝಾಡಿಸಿ ಬಾಗಿಲ ಕಡೆ ಹೆಜ್ಜೆಯಿಟ್ಟರು.

"ಸಾರ್," ಎಂದ ಕಂಡಕ್ಟರು, "ಲೆಕ್ಕ ಅರ್ಧಕ್ಕೇ ನಿಂತಿದೆ."

"ಇವತ್ತಿಗೆ ಇಷ್ಟು ಸಾಕಲ್ವಾ ಮೇಡಂ?" ಸಾಹೇಬರು ಕೊನೆಯ ಬೆಂಚನ್ನು ನೋಡಿದರು. ದನಿಯಲ್ಲಿ ನಿರ್ದೇಶಕತನ ಒಂದು ಚೂರೂ ಉಳಿದಿರಲಿಲ್ಲ.

ಈ ಗಳಿಗೆಗೆಂದೇ ಮೇಡಂ ಒಂದು ಮಾತನ್ನು ವರ್ಷಗಟ್ಟಲೆ ಮಸೆದು ಇಟ್ಟುಕೊಂಡಿದ್ದರು. ಪರದೆಯ ಮೇಲೆ ಅವನು ತೋರಿಸಿದ್ದ ಅವೇ ಎರಡು ಪದ: 'ಉಪಯುಕ್ತತೆ: ಶೂನ್ಯ.' ಬಾಯಿ ತೆರೆದರು. ಮುಂದಿನ ಬೆಂಚಿನಿಂದ ದಾದಿ ಹಿಂತಿರುಗಿ, "ತಿಂಗಳು ಪೂರ್ತಿ ಪಾಳಿ ಬದಲಾಯಿಸ್ಕೊಂಡಿದೀನಿ ಮೇಡಂ. ಗೆಳತಿ ಕೈ ಕಾಲು ಹಿಡಿದು," ಎಂದಳು.

ಮೇಡಂ ಆ ಎರಡು ಪದವನ್ನು ನುಂಗಿಕೊಂಡು ಹಲಗೆಯ ಕಡೆ ನೋಡಿದರು. ಆಮೇಲೆ, ಹಳೆಯ ಗುಡುಗಿನಲ್ಲೇ ಅಂದರು: "ಎರಡನೇ ಸಾಲಲ್ಲಿ ಮೈನಸ್ ಬಿಟ್ಟಿದೀಯ. ಮೊದಲಿಂದ ಮಾಡು."

ನಾಳೆ ಸಾಹೇಬರು ಹಲಗೆ ಒರೆಸಿದರು. ಕೋಣೆಯ ತುಂಬ ಹಾಳೆ ಮಗುಚಿದ ಸದ್ದಾಯಿತು.

ಬೀಗ ಹಾಕಲು ಬಂದ ಕಾವಲುಗಾರ ಬಾಗಿಲಲ್ಲಿ ಇಣುಕಿ ನೋಡಿದ. ಬೀಗದ ಕೈ ಗೊಂಚಲು ಸದ್ದು ಮಾಡದಂತೆ ಮುಷ್ಟಿಯಲ್ಲಿ ಅದುಮಿಕೊಂಡು, ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ.