ಒಲೆಯ ಮುಂದೆ ಕವಿದ ಮಂಜು

ಈಸ್ಟರ್ ಹಬ್ಬಕ್ಕೆ ಇನ್ನು ಎಂಟೇ ದಿನ ಇರುವಾಗ ಅನ್ನೆದ್ದಾಳ ಬಲಗಣ್ಣಿಗೆ ಮತ್ತೆ ಮಂಜು ಕವಿಯಿತು. ಎರಡು ವರ್ಷದ ಹಿಂದೆ ಇದೇ ಕಣ್ಣು ಮೂರು ವಾರ ಪೂರ್ತಿ ಕತ್ತಲಾಗಿತ್ತು. ಮೈ ಕಾಯಬೇಕಾದ ಬಿಳಿ ರಕ್ತಕಣಗಳೇ ದಾರಿ ತಪ್ಪಿ ಮಿದುಳಿಗೆ ನುಗ್ಗಿ, ಕಣ್ಣಿನ ನರದ ಹೊದಿಕೆಯನ್ನು ಕಿತ್ತುಹಾಕಿವೆ ಎಂದು ಕಾಲ್ಯಾರಿ ಪಟ್ಟಣದ ಡಾಕ್ಟರಮ್ಮ ಉಸಾಯಿ ಆಗ ಹೇಳಿದ್ದರು. "ಕಾವಲು ನಾಯಿನೇ ಕುರಿ ಕಚ್ಚಿದೆ ಅನ್ನಿ" ಎಂದಿದ್ದ ಅನ್ನೆದ್ದಾಳ ಗಂಡ, ಕುರಿ ಸಾಕುವ ಗವೀನು. ಅಂದಿನಿಂದ ಆ ಕಣಗಳಲ್ಲಿ ಒಂದು ಜಾತಿಯನ್ನು ಅಡಗಿಸಲು ಆರು ತಿಂಗಳಿಗೊಮ್ಮೆ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದಳು.

ಅವರ ಬೆಟ್ಟದೂರಲ್ಲಿ ಇದೇ ಕಾಯಿಲೆಯವರು ಇನ್ನೂ ಮೂವರಿದ್ದರು. ಒಬ್ಬಳು ಗಾಲಿಕುರ್ಚಿ ಹಿಡಿದಿದ್ದಳು. ಔಷಧಿ ಸೋತಿತು, ಇನ್ನು ತನ್ನ ಸರದಿ ಎಂದುಕೊಂಡೇ ಅನ್ನೆದ್ದಾ ಗಂಡನ ಜೊತೆ ಕಾಲ್ಯಾರಿಯ ಆಸ್ಪತ್ರೆಗೆ ಹೋದಳು.

ಸ್ಕ್ಯಾನ್ ಮುಗಿಯಿತು. ಡಾಕ್ಟರಮ್ಮ ಗೋಡೆಯ ಅಕ್ಷರಗಳನ್ನು ಓದಿಸಿದರು. ಅನ್ನೆದ್ದಾ ಗಡಗಡನೆ ಓದಿಬಿಟ್ಟಳು.

"ಈಗ ಚೆನ್ನಾಗೇ ಕಾಣ್ತಿದೆಯಲ್ಲ!"

"ಈಗ ಕಾಣತ್ತೆ ಡಾಕ್ಟರೇ. ಹತ್ತು ಗಂಟೆ ಹೊತ್ತಿಗೆ ಮಂಜಾಗತ್ತೆ. ಸಂಜೆಗೆ ಸರಿಹೋಗತ್ತೆ."

"ಆ ಹೊತ್ತಲ್ಲಿ ಏನು ಮಾಡ್ತಿರ್ತೀರಿ?"

"ಏನೂ ಇಲ್ಲ. ಕೂತಿರ್ತೀನಿ."

ಗವೀನುವಿಗೆ ತಡೆಯಲಾಗಲಿಲ್ಲ. "ಕೂತಿರ್ತಾಳಂತೆ! ಎಲ್ಲಿ ಅಂತ ಕೇಳಿ. ನಸುಕಿಗೆ ಎದ್ದು ಸೌದೆ ಒಲೆ ಬಾಯಿಗೆ ಮುಖ ಕೊಟ್ಟು ಕೂತ್ರೆ, ಹಬ್ಬದ ರೊಟ್ಟಿ ಇನ್ನೂರು ಬೇಯೋ ತನಕ ಏಳಲ್ಲ!"

"ಅದೇನು ಕೆಲಸಾನಾ? ರೊಟ್ಟಿ ತಾನೇ" ಎಂದಳು ಅನ್ನೆದ್ದಾ. ಆ ಬೆಟ್ಟದ ಹೆಂಗಸರೇ ಹಾಗೆ, ಒಲೆ ಮುಂದೆ ಬೆಂದರೂ ಸೆಕೆ ಎನ್ನುವವರಲ್ಲ.

ಡಾಕ್ಟರಮ್ಮ ಜೋರಾಗಿ ನಕ್ಕರು. "ಅಮ್ಮಾ, ಸ್ಕ್ಯಾನಲ್ಲಿ ಹೊಸ ಗಾಯ ಒಂದೂ ಇಲ್ಲ. ಆ ಕಣಗಳು ಮತ್ತೆ ಒಳಗೆ ನುಗ್ಗಿಲ್ಲ. ಹೊದಿಕೆ ಕಳಕೊಂಡ ಹಳೇ ನರ ಅದು. ಮೈ ಕಾದಾಗ ಸುದ್ದಿ ಸಾಗಿಸೋಕೆ ತಿಣುಕಾಡತ್ತೆ, ತಣ್ಣಗಾದ್ರೆ ಸರಿಹೋಗತ್ತೆ. ಔಷಧಿ ಕೆಲಸ ಮಾಡ್ತಿದೆ."

"ಹೊಸದು ಇಲ್ವಾ?"

"ಇಲ್ಲ."

"ಒಂದೂ?"

"ಒಂದೂ ಇಲ್ಲ. ಆದ್ರೆ ಆ ಒಲೆ ಮುಂದೆ ಮಾತ್ರ ಕೂರಬೇಡಿ."

ಅನ್ನೆದ್ದಾಳಿಗೆ ಅಳು ಬಂತು. ಗವೀನು ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದುಕೊಂಡ, ಅವನೂ ಅಳುತ್ತಿದ್ದ. ಹೋದ ಜೀವ ಬಂದಂತಾಗಿತ್ತು ಇಬ್ಬರಿಗೂ.

ಹೊರಗೆ ಬಂದವಳೇ ಅನ್ನೆದ್ದಾ ಓರಗಿತ್ತಿ ಪೆಪ್ಪೀನಾಳಿಗೆ ಫೋನ್ ಮಾಡಿದಳು. ಅವರ ಮನೆಯಲ್ಲಿ ಒಲೆ ಮುಂದಿನ ಮಣೆ ಹಿರಿಯ ಸೊಸೆಯದು. ಹಾಸಿಗೆ ಹಿಡಿಯದೆ ಅದನ್ನು ಯಾರೂ ಬಿಟ್ಟುಕೊಟ್ಟದ್ದಿಲ್ಲ. ಪೆಪ್ಪೀನಾ ಹದಿನೈದು ವರ್ಷದಿಂದ ಅದರ ಮೇಲೆ ಕಣ್ಣಿಟ್ಟಿದ್ದಳು, ಅದಕ್ಕಾಗಿ ಜಗಳವನ್ನೂ ಆಡಿದ್ದಳು.

"ಪೆಪ್ಪೀನಾ, ನಾಳೆಯಿಂದ ಒಲೆ ಮುಂದೆ ನೀನೇ ಕೂತ್ಕೊಳ್ಳೇ."

ಆ ಕಡೆಯಿಂದ ಬಿಕ್ಕುವ ಸದ್ದು ಬಂತು.

"ಅಷ್ಟು ಕೆಟ್ಟಿದೆಯಾ ಅಕ್ಕಾ? ನಂಗೆ ಆ ಮಣೆ ಬೇಡ. ನೀನು ಬಾ ಸಾಕು."